ಮಳೆ ಪುಸ್ತಕದ ಸ್ಕ್ಯಾನಿಂಗ್: ಸದ್ಯ ಬಗ್ ವರದಿ ಹತ್ರ ನಿಂತಿದೆ

ಮೂಡಿಗೆರೆ ತೋಟದ ಮಳೆ ಪುಸ್ತಕಗಳಲ್ಲಿ ಅರ್ಧ ಮುಗಿದಿವೆ. ಅಪ್ಪ ದಿನಾ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಟ್ಟದ್ದು, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನಕ್ಕೆ ಮಾತ್ರ ಕೆಂಪು ಶಾಯಿ. ಪುಟಗಳು ಚೆನ್ನಾಗಿ ಬರುತ್ತಿವೆ. ಆದರೆ ಪುಟ ಜಾಸ್ತಿ ಸೇರಿದ ಮೇಲೆ ಪಿಡಿಎಫ್ ಸೇವ್ ಮಾಡಲು ಹೋದರೆ ಸ್ಕ್ಯಾನಿಂಗ್ ಪ್ರೋಗ್ರಾಂ ಕ್ರ್ಯಾಶ್ ಆಗುತ್ತದೆ.

ನಾನು ಬಳಸುವ ಆಪರೇಟಿಂಗ್ ಸಿಸ್ಟಂ ಉಬುಂಟುನಲ್ಲಿ ಇಂಥ ಕ್ರ್ಯಾಶ್ ವರದಿ ಮಾಡಲು ಅಪೋರ್ಟ್ ಅನ್ನುವ ಪ್ರೋಗ್ರಾಂ ಇದೆ. ವಿಂಡೋ ಬರುತ್ತದೆ, ಕಳಿಸು ಅಂತ ಒತ್ತಿದರೆ ವರದಿ ಹೋಗಿಬಿಡುತ್ತದೆ. ಬಗ್ (ಪ್ರೋಗ್ರಾಂನ ದೋಷ) ನಂಬರ್ ಸಿಗುವುದಿಲ್ಲ, ಏನು ಮಾಡುವಾಗ ಹೀಗಾಯಿತು ಅಂತ ಬರೆಯಲು ಜಾಗವೂ ಇಲ್ಲ. ಬಿಡುಗಡೆಯಾದ ಆವೃತ್ತಿಗಳಲ್ಲಿ ಕ್ರ್ಯಾಶ್ ವರದಿ ಉಬುಂಟುವಿನ ಬಗ್‌ಗಳನ್ನು ದಾಖಲಿಸುವ ಲಾಂಚ್‌ಪ್ಯಾಡ್ ಸೈಟ್‌ಗೆ ಹೋಗದೆ, ಕ್ರ್ಯಾಶ್‌ಗಳನ್ನು ಒಟ್ಟುಗೂಡಿಸುವ ಎರರ್ ಟ್ರ್ಯಾಕರ್‌ಗೆ ಹೋಗುತ್ತದೆ. ಒಂದೇ ತೊಂದರೆ ಎಷ್ಟು ಜನಕ್ಕೆ ಆಗುತ್ತಿದೆ ಅಂತ ಎಣಿಸಲು ಅದು ಒಳ್ಳೆಯ ಏರ್ಪಾಡೇ, ಒಪ್ಪುತ್ತೇನೆ. ಆದರೆ 'ಪುಟ ಜಾಸ್ತಿ ಆದಾಗ, ಸೇವ್ ಮಾಡುವಾಗ' ಅನ್ನುವ ಒಂದು ಸಾಲು ಇಲ್ಲದಿದ್ದರೆ ರಿಪೇರಿ ಮಾಡುವವರು ಎಲ್ಲಿಂದ ಶುರು ಮಾಡಬೇಕು? ಆ ಸಾಲು ಗೊತ್ತಿರುವುದು ಯಂತ್ರದ ಮುಂದೆ ಕೂತವರಿಗೆ ಮಾತ್ರ ಅಲ್ವಾ.

ಇನ್ನೊಂದು ಕಿರಿಕಿರಿ. ಮತ್ತೆ ಕ್ರ್ಯಾಶ್ ಆದಾಗ ವರದಿಯ ಹೊಸ ಫೈಲೇ ಬರಲಿಲ್ಲ. ಅಪೋರ್ಟ್ ತನ್ನ ಕೆಲಸ ಬರೆದಿಡುವ ಲಾಗ್ ತೆಗೆದು ನೋಡಿದರೆ, ಇದೇ ಪ್ರೋಗ್ರಾಂನ ಹಳೆಯ ವರದಿಯನ್ನು ಇನ್ನೂ ಯಾರೂ ನೋಡಿಲ್ಲ, ಡಿಸ್ಕ್ ತುಂಬದಿರಲಿ ಅಂತ ಹೊಸದನ್ನು ಬರೆಯಲಿಲ್ಲ ಅಂತಿದೆ. ಕಾರಣ ಸರಿ, ಆದರೆ ಅದನ್ನು ವಿಂಡೋದಲ್ಲೇ ಹೇಳಬೇಕಿತ್ತು. ಹಳೆಯ ಫೈಲ್ ಅಳಿಸಿದ ಮೇಲೆ ಹೊಸದು ಬಂತು.

ಆ ಫೈಲನ್ನು ಹಾಗೇ ಕಳಿಸಲು ನನಗೆ ಮನಸ್ಸಿಲ್ಲ. ಅದರೊಳಗೆ ಕೋರ್ ಡಂಪ್ ಇರುತ್ತದೆ, ಅಂದರೆ ಕ್ರ್ಯಾಶ್ ಆದ ಹೊತ್ತಿಗೆ ಪ್ರೋಗ್ರಾಂನ ಮೆಮೊರಿಯಲ್ಲಿ ಇದ್ದದ್ದು. ಸ್ಕ್ಯಾನ್ ಆದ ಪುಟದ ಚಿತ್ರವೂ ಅದರಲ್ಲಿ ಇರಬಹುದು. ಮಳೆ ಪುಸ್ತಕದ ಹಿಂದಿನ ಪುಟಗಳಲ್ಲಿ ಆಳುಗಳ ಹೆಸರು, ಕೂಲಿ, ಕೊಟ್ಟ ಮುಂಗಡ ಎಲ್ಲ ಇದೆ. ಅದು ಅವರ ವಿಷಯ, ಊರಾಚೆ ಹೋಗಬಾರದು.

ಹಾಗಾಗಿ ವರದಿ ಫೈಲನ್ನು ಬಿಡಿಬಿಡಿ ಮಾಡುವ ಅಪೋರ್ಟ್-ಅನ್‌ಪ್ಯಾಕ್‌ನಿಂದ ಕೋರ್ ಡಂಪ್ ಬಿಡಿಸಿ, ದೋಷ ಹುಡುಕುವ ಜಿಡಿಬಿ ಅನ್ನುವ ಪ್ರೋಗ್ರಾಂಗೆ ಇಲ್ಲೇ ಕೊಟ್ಟೆ. ಡಂಪಿನ ವಿಳಾಸಗಳನ್ನು ಕೋಡಿನ ಹೆಸರುಗಳಿಗೆ ಹೊಂದಿಸಲು ಡೀಬಗ್ ಸಿಂಬಲ್ ಬೇಕು; ಡೀಬಗ್‌ಇನ್ಫೋಡ್ ಸರ್ವರ್‌ನಿಂದ ಬೇಕಾದಷ್ಟು ಮಾತ್ರ ಇಳಿಯುತ್ತದೆ. ಗಾಳಿ ಮಳೆಗೆ ಕರೆಂಟ್, ನೆಟ್ ಎರಡೂ ಹೋಗುವ ನಮ್ಮ ಕಡೆ ಇದು ದೊಡ್ಡ ಉಪಕಾರ. ಬ್ಯಾಕ್‌ಟ್ರೇಸ್, ಅಂದರೆ ಕ್ರ್ಯಾಶ್ ಆದಾಗ ಕೋಡಿನ ಯಾವ ಭಾಗ ಯಾವುದನ್ನು ಕರೆದಿತ್ತು ಅನ್ನುವ ಪಟ್ಟಿ, ಓದುವ ಹಾಗೆ ಬಂತು. ಅದರ ಪಠ್ಯವನ್ನಷ್ಟೇ ಹಾಕಿ, ಏನೇನು ಒತ್ತಿದೆ ಅಂತ ಕ್ರಮವಾಗಿ ಬರೆದು ಲಾಂಚ್‌ಪ್ಯಾಡ್‌ನಲ್ಲಿ ಕೈಯಾರೆ ಬಗ್ ಹಾಕಿದ್ದೇನೆ.

ಉತ್ತರ ಬರುವ ತನಕ ಪ್ರತಿ ತಿಂಗಳಿಗೆ ಒಂದು ಪಿಡಿಎಫ್ ಮಾಡಿ, ಆಮೇಲೆ ಎಲ್ಲ ಜೋಡಿಸುತ್ತೇನೆ. ಖಾಲಿ ಹಾಳೆಗಳನ್ನೇ ಸ್ಕ್ಯಾನ್ ಮಾಡಿ ಕ್ರ್ಯಾಶ್ ತರಿಸಲು ಆಗುತ್ತಾ ನೋಡಬೇಕು. ಹಾಗೆ ಕ್ರ್ಯಾಶ್ ಆಯಿತು ಅಂದರೆ ಆ ಡಂಪನ್ನು ಪೂರ್ತಿಯಾಗಿ ಕಳಿಸಬಹುದು.