ಮ್ಯೂನಿಕ್‌ನ ಮಕ್ಕಳ ಮನೆಯಿಂದ ಆಲ್ಪ್ಸ್ ನೋಡುವುದು: ಬೆಂಗಳೂರಿನಿಂದ ಹೊರಡುವ ಅಪ್ಪ-ಅಮ್ಮಂದಿರಿಗೆ

ಮಗನೋ ಮಗಳೋ ಮ್ಯೂನಿಕ್‌ನಲ್ಲಿ ಮನೆ ಮಾಡಿದ ಮೇಲೆ ಬೆಂಗಳೂರಿನ ಅಪ್ಪ-ಅಮ್ಮಂದಿರ ಮೊದಲ ಪ್ರವಾಸಕ್ಕೆ ಉದ್ದನೆಯ ಪಟ್ಟಿಯೊಂದು ಸಿದ್ಧವಾಗುತ್ತದೆ: ಪ್ಯಾರಿಸ್, ರೋಮ್, ವೆನಿಸ್, ಸ್ವಿಟ್ಜರ್ಲೆಂಡ್. ಅದರಲ್ಲಿ ಮುಕ್ಕಾಲು ಪಾಲನ್ನು ಹೊಡೆದುಹಾಕಿ. ಅರವತ್ತು ದಾಟಿದವರು, ಶಾಲೆಗೆ ಹೋಗುವ ಮೊಮ್ಮಕ್ಕಳು, ಲೆಕ್ಕ ಹಾಕಿ ರಜೆ ತೆಗೆಯುವ ಮಗ-ಸೊಸೆ ಒಟ್ಟಾಗಿ ಸೂಟ್‌ಕೇಸ್ ಎಳೆದುಕೊಂಡು ಊರೂರು ಸುತ್ತಿದರೆ ಊರೂ ನೋಡಿದಂತಾಗುವುದಿಲ್ಲ, ಮಕ್ಕಳ ಜೊತೆ ಇದ್ದಂತೆಯೂ ಆಗುವುದಿಲ್ಲ. ಮ್ಯೂನಿಕ್‌ನಿಂದ ರೈಲು ಹತ್ತಿದರೆ ಒಂದರಿಂದ ಮೂರು ಗಂಟೆಯೊಳಗೆ ಸರೋವರ, ಹಿಮ ಹೊತ್ತ ಶಿಖರ, ಕಣಿವೆ ಎಲ್ಲವೂ ಸಿಗುತ್ತವೆ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು, ರಾತ್ರಿ ಮನೆಗೆ ಬಂದು ಅನ್ನ-ಸಾರು ಉಣ್ಣಬಹುದು. ಮುಂದಿನ ವಿವರವೆಲ್ಲ ಈ ಕ್ರಮಕ್ಕೆ ಹೊಂದಿಕೊಂಡದ್ದು.

ವೀಸಾದಿಂದ ಶುರು ಮಾಡೋಣ. ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕಡೇಪಕ್ಷ 15 ದಿನ ಮೊದಲು ಹಾಕಲೇಬೇಕು. ಬೇಸಿಗೆಯ ಪ್ರವಾಸವಾದರೆ ಎರಡೂವರೆ-ಮೂರು ತಿಂಗಳು ಮೊದಲೇ ಬೆರಳಚ್ಚು ಕೊಡುವ ಅಪಾಯಿಂಟ್‌ಮೆಂಟ್ ಹಿಡಿಯಿರಿ. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು, ವಾಪಸಾಗುವ ದಿನದಿಂದ ಮುಂದೆ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ವಿಮೆ ಕನಿಷ್ಠ 30,000 ಯೂರೋದ್ದು, ಇಡೀ ಷೆಂಗೆನ್ ಪ್ರದೇಶಕ್ಕೆ, ಉಳಿಯುವ ಅಷ್ಟೂ ದಿನಕ್ಕೆ.

ಖರ್ಚನ್ನು ಮಕ್ಕಳು ನೋಡಿಕೊಳ್ಳುವುದಾದರೆ ಬರೀ ಆಹ್ವಾನ ಪತ್ರ ಸಾಲದು. ಅವರು ತಮ್ಮ ಊರಿನ ವಿದೇಶಿಯರ ಕಚೇರಿಗೆ ಸಂಬಳದ ಚೀಟಿ, ಬಾಡಿಗೆ ಕರಾರು ತೋರಿಸಿ 'ಫರ್‌ಫ್ಲಿಖ್ಟುಂಗ್ಸ್ಎರ್ಕ್ಲೇರುಂಗ್' ಎಂಬ ಹೊಣೆಪತ್ರ ಮಾಡಿಸಬೇಕು. ಶುಲ್ಕ 29 ಯೂರೋ. ಇದರ ಮೂಲಪ್ರತಿಯೇ ಬೆಂಗಳೂರಿನ ಅರ್ಜಿಯ ಜೊತೆ ಹೋಗಬೇಕು, ಸ್ಕ್ಯಾನ್ ನಡೆಯುವುದಿಲ್ಲ. ಅಲ್ಲಿ ಅಪಾಯಿಂಟ್‌ಮೆಂಟ್ ಸಿಗಲು ವಾರಗಳು, ಕೊರಿಯರ್‌ಗೆ ಮತ್ತೊಂದು ವಾರ. ವೀಸಾ ತಡವಾಗುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ಮಕ್ಕಳಿಗೆ ಒಪ್ಪಿಸಬೇಕಾದ ಮೊದಲ ಕೆಲಸ ಇದು, ವಿಮಾನದ ಟಿಕೆಟ್ ಅಲ್ಲ.

ಎರಡನೇ ತೊಡಕು ನಮ್ಮ ಹೆಸರುಗಳದು. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಪೂರ್ತಿ ಬರೆದಿರುತ್ತದೆ; ಮಗಳ ಜನನ ಪ್ರಮಾಣಪತ್ರದಲ್ಲಿ ಬರೀ ಒಂದಕ್ಷರ; ಅಮ್ಮನಿಗೆ ಸರ್‌ನೇಮ್ ಜಾಗವೇ ಖಾಲಿ; ಮದುವೆಯಾದ ಮೇಲೆ ಬದಲಾದ ಹೆಸರು ಬ್ಯಾಂಕಿನಲ್ಲಿ ಮಾತ್ರ. ಅಪ್ಪ-ಮಗಳ ಸಂಬಂಧವನ್ನು ಕಾಗದದಲ್ಲಿ ತೋರಿಸಲು ಹೊರಟಾಗ ಇವು ಒಂದಕ್ಕೊಂದು ತಾಳೆಯಾಗುವುದಿಲ್ಲ. ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ, ಹೆಸರು ಎಲ್ಲೆಲ್ಲಿ ಹೇಗಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ವ್ಯತ್ಯಾಸ ಇದ್ದ ಕಡೆ 'ಇಬ್ಬರೂ ಒಬ್ಬರೇ' ಎನ್ನುವ ನೋಟರಿ ಅಫಿಡವಿಟ್ ಮಾಡಿಸಿ. ಕನ್ನಡದಲ್ಲಿ ಮಾತ್ರ ಇರುವ ಹಳೆಯ ಜನನ ಪ್ರಮಾಣಪತ್ರಕ್ಕೆ ಅನುವಾದ ಬೇಕು. ವಿಮಾನದ ಟಿಕೆಟ್‌ನಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ. ಸರ್‌ನೇಮ್ ಖಾಲಿ ಇದ್ದವರು ಬುಕ್ ಮಾಡುವ ಮೊದಲೇ ವಿಮಾನ ಸಂಸ್ಥೆಯನ್ನು ಕೇಳಿ ಬರೆಸಬೇಕು.

ನಿವೃತ್ತರ ಅರ್ಜಿ ತಿರಸ್ಕಾರವಾಗುವುದು ಸಾಮಾನ್ಯವಾಗಿ 'ಮರಳಿ ಹೋಗುವ ಬಗ್ಗೆ ಖಾತ್ರಿಯಿಲ್ಲ' ಎಂಬ ಕಾರಣಕ್ಕೆ. ಪಿಂಚಣಿ ಬರುವ ಖಾತೆ, ಮನೆಯ ತೆರಿಗೆ ರಸೀದಿ, ಇಲ್ಲೇ ಇರುವ ಇನ್ನೊಬ್ಬ ಮಗ ಅಥವಾ ವಯಸ್ಸಾದ ತಾಯಿಯ ಜವಾಬ್ದಾರಿ, ಇವನ್ನು ಕವರಿಂಗ್ ಲೆಟರ್‌ನಲ್ಲಿ ಸ್ಪಷ್ಟವಾಗಿ ಬರೆಯಿರಿ. ಅರ್ಜಿಗೆ ಎರಡು ದಿನ ಮೊದಲು ಖಾತೆಗೆ ದೊಡ್ಡ ಮೊತ್ತ ಹಾಕಿಸಬೇಡಿ; ಅನುಮಾನ ಹುಟ್ಟಿಸಲು ಅಷ್ಟೇ ಸಾಕು. 2025ರ ಜುಲೈ 1ರಿಂದ ಜರ್ಮನಿ ತಿರಸ್ಕೃತ ಅರ್ಜಿಯನ್ನು ಪತ್ರ ಬರೆದು ಮರುಪರಿಶೀಲನೆಗೆ ಕೇಳುವ ದಾರಿಯನ್ನು ಮುಚ್ಚಿದೆ. ತಿರಸ್ಕಾರವಾದರೆ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಅಲ್ಲಿನ ನ್ಯಾಯಾಲಯಕ್ಕೆ ಹೋಗಬೇಕು. ಹಾಗಾಗಿ ಮೊದಲ ಅರ್ಜಿಯೇ ಅಚ್ಚುಕಟ್ಟಾಗಿರಲಿ.

ಈಗ ಪೆಟ್ಟಿಗೆ. ಹೊರಗಿನ ದೇಶಗಳಿಂದ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಅಂದರೆ ತುಪ್ಪದ ಡಬ್ಬ, ಧಾರವಾಡ ಪೇಡ, ಖೋವಾ ಸಿಹಿ ಎಲ್ಲ ಮನೆಯಲ್ಲೇ ಉಳಿಯಬೇಕು. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಹಸಿ ಕರಿಬೇವು, ಮಾವಿನಹಣ್ಣು ಒಯ್ಯುವಂತಿಲ್ಲ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್‌ಗೆ ಈ ನಿಯಮದಿಂದ ವಿನಾಯಿತಿ ಇದೆ. ಒಣ ಕೊಬ್ಬರಿ ಗಿಟುಕು ಮಾತ್ರ ಬೇಗ ಹೊತ್ತಿಕೊಳ್ಳುವ ವಸ್ತುವೆಂದು ಬೆಂಗಳೂರಿನ ತಪಾಸಣೆಯಲ್ಲೇ ನಿಲ್ಲುತ್ತದೆ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಹಪ್ಪಳ, ಉಪ್ಪಿನಕಾಯಿ ಒಯ್ಯಬಹುದು. ಉಪ್ಪಿನಕಾಯಿ, ಗೊಜ್ಜು ಚೆಕ್-ಇನ್ ಪೆಟ್ಟಿಗೆಯಲ್ಲೇ ಇರಬೇಕು. ದುಬೈ ಮೂಲಕ ಹೋಗುವವರು ಗಸಗಸೆಯನ್ನು ಯಾವ ರೂಪದಲ್ಲೂ ಇಟ್ಟುಕೊಳ್ಳಬಾರದು: ಅಲ್ಲಿ ಅದು ಮಾದಕ ವಸ್ತುಗಳ ಪಟ್ಟಿಯಲ್ಲಿದೆ. ಮಾತ್ರೆಗಳನ್ನು ಸ್ವಂತ ಬಳಕೆಗೆ 3 ತಿಂಗಳಿಗಾಗುವಷ್ಟು ಒಯ್ಯಬಹುದು; ಸ್ಟ್ರಿಪ್‌ನಿಂದ ಬಿಡಿಸದೆ, ಔಷಧದ ಮೂಲ ಹೆಸರಿರುವ ವೈದ್ಯರ ಚೀಟಿ ಸಮೇತ ಕೈಚೀಲದಲ್ಲಿಡಿ.

ಬೆಂಗಳೂರಿನಿಂದ ಎಲ್ಲ ಅಂತರರಾಷ್ಟ್ರೀಯ ವಿಮಾನಗಳೂ 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಿಂದಲೇ ಹೊರಡುತ್ತವೆ. ಮಂಡಿನೋವು ಇರುವವರು ವೀಲ್‌ಚೇರ್ ಕೇಳಲು ಹಿಂಜರಿಯಬಾರದು. ಅದು ಉಚಿತ, 48 ಗಂಟೆ ಮೊದಲು ತಿಳಿಸಿದರೆ ಸಾಕು. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಮುಖದ ಫೋಟೊ, ಬೆರಳಚ್ಚು ದಾಖಲಿಸುವ ವ್ಯವಸ್ಥೆ ಶುರುವಾಗಿದೆ, ಮೊದಲ ಸಲ ಸಾಲು ನಿಧಾನ. ಮುಂದಿನ ವಿಮಾನ ಹಿಡಿಯಬೇಕಾದವರು ಎರಡೂವರೆ ಗಂಟೆಗಿಂತ ಕಡಿಮೆ ಅಂತರ ಇಟ್ಟುಕೊಳ್ಳಬೇಡಿ. ವೀಸಾ ಚೀಟಿಯಲ್ಲಿ 'ಇಂಥ ದಿನದಿಂದ ಇಂಥ ದಿನದವರೆಗೆ' ಎಂಬ ತಾರೀಖುಗಳೂ 'ಉಳಿಯುವ ದಿನಗಳು' ಎಂಬ ಸಂಖ್ಯೆಯೂ ಬೇರೆ ಬೇರೆ. ತಾರೀಖು ಬಾಕಿ ಇದ್ದರೂ ದಿನಗಳ ಸಂಖ್ಯೆ ಮುಗಿದರೆ ಹೊರಡಲೇಬೇಕು. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ, ಆ ಲೆಕ್ಕವನ್ನು ಈಗ ಯಂತ್ರವೇ ಇಡುತ್ತದೆ.

ಯಾವಾಗ ಹೋಗಬೇಕು? ಮೇ ಕೊನೆಯಿಂದ ಜೂನ್‌ವರೆಗೆ ಹಿಮ ಕರಗಿ ಜಲಪಾತಗಳು ತುಂಬಿರುತ್ತವೆ, ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಆಗಸ್ಟ್ ಪೂರ್ತಿ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಶಾಲಾ ರಜೆ, ಎಲ್ಲೆಡೆ ನೂಕುನುಗ್ಗಲು. ಸೆಪ್ಟೆಂಬರ್ ನಡುವಿಗೆ ಶಾಲೆಗಳು ತೆರೆದ ಮೇಲೆ ಬೆಟ್ಟದ ಕಡೆ ಜನ ಕಡಿಮೆ, ಗಾಳಿ ತಿಳಿ. ಆದರೆ ಅದೇ ಹೊತ್ತಿಗೆ ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಜಾತ್ರೆ ಶುರುವಾಗುತ್ತದೆ, ಸಂಜೆಯ ರೈಲುಗಳು ಕಿಕ್ಕಿರಿಯುತ್ತವೆ. ಆ ವಾರಗಳಲ್ಲಿ ಸಂಜೆ ಐದರೊಳಗೆ ವಾಪಸಾಗುವಂತೆ ನೋಡಿಕೊಳ್ಳಿ.

ಆರು ಜನರ ಕುಟುಂಬಕ್ಕೆ ಐದು ಸೀಟಿನ ಕಾರು ಸಾಲುವುದಿಲ್ಲ, ಬೇಸಿಗೆಯಲ್ಲಿ ಸರೋವರಗಳ ಪಾರ್ಕಿಂಗ್ ಬೆಳಗ್ಗೆಯೇ ತುಂಬುತ್ತದೆ. ರೈಲೇ ಮೇಲು. ಬವೇರಿಯಾದ ಸ್ಥಳೀಯ ರೈಲುಗಳಿಗೆ ಆಗುವ ಬಾಯರ್ನ್ ಟಿಕೆಟ್ ಒಂದು ದಿನದ್ದು. ಐದು ಜನರವರೆಗೆ ಒಂದೇ ಟಿಕೆಟ್. ಅಜ್ಜ-ಅಜ್ಜಿ ಇಬ್ಬರೇ ತಮ್ಮ ಮೊಮ್ಮಕ್ಕಳನ್ನು ಕರೆದೊಯ್ದರೆ 15 ವರ್ಷದೊಳಗಿನ ಮೊಮ್ಮಕ್ಕಳಿಗೆ ಟಿಕೆಟ್ ಬೇಡ. ಪ್ರಯಾಣಿಕರ ಹೆಸರನ್ನು ಟಿಕೆಟ್ ಮೇಲೆ ಬರೆಯಲೇಬೇಕು. ವಾರದ ದಿನಗಳಲ್ಲಿ ಇದು ಬೆಳಗ್ಗೆ 9ರ ನಂತರ ಮಾತ್ರ ನಡೆಯುತ್ತದೆ. ಶನಿವಾರ, ಭಾನುವಾರ, ಸರ್ಕಾರಿ ರಜೆಯಂದು ನಿರ್ಬಂಧವಿಲ್ಲ. ಕೆಂಪು ಪಟ್ಟಿಯ ಬಿಳಿ ಐಸಿಇ ಎಂಬ ವೇಗದ ರೈಲು ಹತ್ತಿದರೆ ಈ ಟಿಕೆಟ್ ಚಲಾವಣೆಯಲ್ಲ, ದಂಡ ಬೀಳುತ್ತದೆ. ತಿಂಗಳುಗಟ್ಟಲೆ ಇರುವವರಿಗೆ ಜರ್ಮನಿಯ ಸ್ಥಳೀಯ ರೈಲು-ಬಸ್ಸುಗಳಿಗೆಲ್ಲ ಆಗುವ ಡಾಯ್ಚ್‌ಲಂಡ್ ಟಿಕೆಟ್ ಲಾಭ: 2026ರ ಜನವರಿಯಿಂದ ತಿಂಗಳಿಗೆ 63 ಯೂರೋ, ಬೆಳಗ್ಗೆ 9ರ ಕಟ್ಟಳೆಯೂ ಇಲ್ಲ. ಇದು ತಾನಾಗಿ ಮುಂದುವರಿಯುವ ಚಂದಾ. ಆ ತಿಂಗಳ 10ರೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ.

ಮೊದಲ ವಾರ ದೂರ ಹೋಗಬೇಡಿ. ಸುಮಾರು ಒಂದು ಗಂಟೆಯ ಟೆಗರ್ನ್‌ಸೇ ಸರೋವರ ಸಾಕು; ದಂಡೆಯ ದಾರಿ ಸಮತಟ್ಟು, ಬೆಂಚುಗಳು ಬೇಕಾದಷ್ಟು. ಒಂದೇ ಎಚ್ಚರಿಕೆ: ಮ್ಯೂನಿಕ್‌ನಿಂದ ಹೊರಟ ರೈಲು ದಾರಿಯಲ್ಲಿ ಕವಲಾಗಿ ಬೇರೆ ಬೇರೆ ಊರಿಗೆ ಹೋಗುತ್ತದೆ. ಬೋಗಿಯ ಬಾಗಿಲ ಬಳಿಯ ಫಲಕದಲ್ಲಿ 'ಟೆಗರ್ನ್‌ಸೇ' ಎಂದು ಇರುವುದನ್ನು ನೋಡಿಕೊಂಡೇ ಕೂರಬೇಕು.

ಜರ್ಮನಿಯ ಅತಿ ಎತ್ತರದ ಶಿಖರ ತ್ಸುಗ್‌ಷ್ಪಿಟ್ಸೆ 2,962 ಮೀಟರ್, ನಮ್ಮ ನಂದಿಬೆಟ್ಟದ ಎರಡರಷ್ಟು. 2017ರಲ್ಲಿ ಶುರುವಾದ ಕೇಬಲ್ ಕಾರು ಐಬ್‌ಸೇ ಸರೋವರದ ಬಳಿಯಿಂದ ಹತ್ತೇ ನಿಮಿಷದಲ್ಲಿ 1,945 ಮೀಟರ್ ಮೇಲೇರಿಸುತ್ತದೆ. ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ ಇದು ಒಳ್ಳೆಯದಲ್ಲ: ದೇಹಕ್ಕೆ ತೆಳು ಗಾಳಿಗೆ ಒಗ್ಗಿಕೊಳ್ಳಲು ಸಮಯವೇ ಸಿಗುವುದಿಲ್ಲ, ತಲೆ ಸುತ್ತುತ್ತದೆ, ಉಸಿರು ಮೇಲೆ ಬರುತ್ತದೆ. ಹೊರಡುವ ಮೊದಲು ವೈದ್ಯರನ್ನು ಕೇಳಿ. ಅವರು ಸರಿ ಎಂದರೆ ಬೆಟ್ಟದ ಬುಡದ ಗಾರ್ಮಿಷ್ ಊರಿನಿಂದ ಹಲ್ಲುಗಾಲಿ ರೈಲಿನಲ್ಲಿ ನಿಧಾನವಾಗಿ ಸುಮಾರು 2,600 ಮೀಟರ್‌ವರೆಗೆ ಏರಿ, ಅಲ್ಲಿ ಅರ್ಧ ಗಂಟೆ ಕೂತು, ಬಿಸಿ ಏನಾದರೂ ಕುಡಿದು, ಆಮೇಲೆ ತುದಿಗೆ ಹೋಗಿ. ಇಳಿಯಲು ಕೇಬಲ್ ಕಾರು ಹಿಡಿಯಬಹುದು. ಒಂದೇ ಟಿಕೆಟ್ ಎರಡಕ್ಕೂ ಆಗುತ್ತದೆ. ಬಾಯರ್ನ್ ಟಿಕೆಟ್ ಇಲ್ಲಿ ನಡೆಯುವುದಿಲ್ಲ, ದರವೂ ಜಾಸ್ತಿ. ಅಂದು ಬೆಳಗ್ಗೆ ವೆಬ್‌ಕ್ಯಾಮ್ ನೋಡಿ, ಮೋಡ ಮುಸುಕಿದ್ದರೆ ಹೋಗಲೇಬೇಡಿ. ಜುಲೈನಲ್ಲೂ ಮೇಲೆ ಸೊನ್ನೆ ಡಿಗ್ರಿಯ ಆಸುಪಾಸು ಇರಬಹುದು. ಸೀರೆ ಉಡುವವರು ಒಳಗೆ ಥರ್ಮಲ್ ಲೆಗಿಂಗ್ಸ್ ಹಾಕಿಕೊಂಡು, ಕಾಲಿಗೆ ಬೂಟು ತೊಟ್ಟರೆ ಯಾವ ಅಡ್ಡಿಯೂ ಇಲ್ಲ. ಆ ಬೂಟನ್ನು ಇಲ್ಲೇ ಕೊಂಡು ಲಾಲ್‌ಬಾಗ್‌ನಲ್ಲಿ ಮೂರು ವಾರ ನಡೆದು ಪಳಗಿಸಿಕೊಳ್ಳಿ.

ಒಂದೇ ಜಾಗ ನೋಡುವಷ್ಟು ಸಮಯ ಇದ್ದರೆ ಕೋನಿಗ್ಸ್‌ಸೇ ಸರೋವರ ನೋಡಿ. ಮ್ಯೂನಿಕ್‌ನಿಂದ ಫ್ರೈಲಾಸಿಂಗ್‌ನಲ್ಲಿ ರೈಲು ಬದಲಿಸಿ ಬೆರ್ಖ್ಟೆಸ್‌ಗಾಡನ್‌ಗೆ ಎರಡೂವರೆಯಿಂದ ಮೂರು ಗಂಟೆ, ಅಲ್ಲಿಂದ ಬಸ್ಸು. ಬಾಯರ್ನ್ ಟಿಕೆಟ್ ಹಿಡಿದು ವಾರದ ದಿನ 9ರ ನಂತರ ಹೊರಟರೆ ತಲುಪುವಾಗ ಮಧ್ಯಾಹ್ನ ದಾಟಿರುತ್ತದೆ. ಡಾಯ್ಚ್‌ಲಂಡ್ ಟಿಕೆಟ್ ಹಿಡಿದು ಏಳಕ್ಕೆ ಮೊದಲು ಹೊರಡಿ. ನೇರ ಬಂಡೆಗಳ ನಡುವೆ ಸಿಕ್ಕಿಕೊಂಡ ಉದ್ದನೆಯ ಸರೋವರ ಇದು, ಸುತ್ತ ರಸ್ತೆಯಿಲ್ಲ. 1909ರಿಂದ ಇಲ್ಲಿ ವಿದ್ಯುತ್ ದೋಣಿಗಳೇ ಓಡುತ್ತವೆ, ಹೊಗೆಯಿಲ್ಲ, ಸದ್ದಿಲ್ಲ. ನಡುವೆ ಒಂದು ಬಂಡೆಯೆದುರು ದೋಣಿ ನಿಲ್ಲುತ್ತದೆ. ನಾವಿಕ ಎದ್ದು ನಿಂತು ಕಹಳೆಯಂಥ ವಾದ್ಯದಲ್ಲಿ ನಾಲ್ಕು ಸ್ವರ ಊದುತ್ತಾನೆ. ಅದೇ ಸ್ವರಗಳು ಬಂಡೆಯಿಂದ ಒಂದೊಂದಾಗಿ ಮರಳಿ ಬರುತ್ತವೆ. ಸೇಂಟ್ ಬಾರ್ತೊಲೊಮೆ ಚರ್ಚಿಗೆ ಸುಮಾರು 35 ನಿಮಿಷ. ಬಹಳ ಜನ ಅಲ್ಲೇ ಇಳಿದು ಹಿಂದಿರುಗುತ್ತಾರೆ. ಕೊನೆಯ ನಿಲ್ದಾಣ ಸಾಲೆಟ್‌ವರೆಗೆ ಟಿಕೆಟ್ ಕೊಳ್ಳಿ; ಇಳಿದು 15 ನಿಮಿಷ ನಡೆದರೆ ಓಬರ್‌ಸೇ ಎಂಬ ಪುಟ್ಟ ಸರೋವರ, ಅದರಾಚೆ ಜರ್ಮನಿಯ ಅತಿ ಎತ್ತರದ ಜಲಪಾತ ರೋತ್‌ಬಾಖ್, ಸುಮಾರು 470 ಮೀಟರ್. ಮೊದಲ ದಂಡೆಯಿಂದಲೇ ಜಲಪಾತ ದೂರದಲ್ಲಿ ಕಾಣುತ್ತದೆ. ಮುಂದಿನ ಕಲ್ಲುದಾರಿಗೆ ಹಿರಿಯರು ಇಳಿಯುವ ಅಗತ್ಯವಿಲ್ಲ. ಸಾಲೆಟ್‌ಗೆ ದೋಣಿ ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ. ಇಳಿದ ತಕ್ಷಣ ವಾಪಸ್ ಬರುವ ಕೊನೆಯ ದೋಣಿಯ ವೇಳಾಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ, ಅದು ತಪ್ಪಿದರೆ ಬೇರೆ ದಾರಿಯಿಲ್ಲ.

ಅಕ್ಟೋಬರ್ ಮೊದಲ ದಿನಗಳಲ್ಲಿ ಅಲ್ಲಿದ್ದರೆ ಬೇಸಿಗೆಯ ಹುಲ್ಲುಗಾವಲಿನಿಂದ ದನಗಳನ್ನು ಚಪ್ಪಟೆ ದೋಣಿಯಲ್ಲಿ ಸರೋವರ ದಾಟಿಸಿ ತರುವುದು ಕಾಣಸಿಗಬಹುದು. ದಡ ಸೇರಿದ ಮೇಲೆ ಅವುಗಳ ತಲೆಗೆ ಬಣ್ಣದ ಕಿರೀಟ ಕಟ್ಟುತ್ತಾರೆ, ನಮ್ಮ ಸಂಕ್ರಾಂತಿಯ ಎತ್ತುಗಳ ಸಿಂಗಾರದ ಹಾಗೆ. ಆ ಬೇಸಿಗೆಯಲ್ಲಿ ಮಂದೆಯಲ್ಲಾಗಲಿ ಮನೆಯಲ್ಲಾಗಲಿ ಸಾವು ಸಂಭವಿಸಿದ್ದರೆ ಸಿಂಗಾರವಿಲ್ಲ. ತಾರೀಖು ಹವಾಮಾನ ನೋಡಿ ನಿಗದಿಯಾಗುತ್ತದೆ.

ನಾಯ್‌ಷ್ವಾನ್‌ಸ್ಟೈನ್ ಅರಮನೆಗೆ ಎಲ್ಲರೂ ಹೋಗುತ್ತಾರೆ. ಒಳಗಿನ ಸುತ್ತು ಸುಮಾರು ಅರ್ಧ ಗಂಟೆ, ಮೆಟ್ಟಿಲು ಬಹಳ, ಫೋಟೊ ತೆಗೆಯುವಂತಿಲ್ಲ; ಟಿಕೆಟ್‌ನಲ್ಲಿರುವ ಸಮಯ ಮೀರಿದರೆ ಟಿಕೆಟ್ ವ್ಯರ್ಥ. ಮಂಡಿನೋವಿನವರು ಒಳಗಿನ ಟಿಕೆಟ್ ಬಿಟ್ಟು, ಕೆಳಗಿನ ಆಲ್ಪ್‌ಸೇ ಸರೋವರದ ದಂಡೆಯಲ್ಲಿ ಕೂತರೆ ಹೆಚ್ಚು ಸುಖ.

ಸಸ್ಯಾಹಾರಿಗಳಿಗೆ ಬೆಟ್ಟದ ಮೇಲಿನ ಹೋಟೆಲ್ ಕಷ್ಟ; ಮಾಂಸ ಇಲ್ಲದ ಷ್ಪೆಟ್ಸ್ಲೆ (ಹಿಟ್ಟಿನ ಶಾವಿಗೆಯಂಥದ್ದು), ಕ್ನೋಡೆಲ್‌ಗೂ (ಬೇಯಿಸಿದ ಉಂಡೆ) ಮೊಟ್ಟೆ ಬಿದ್ದಿರುತ್ತದೆ. ಆದರೆ ಬವೇರಿಯಾದಲ್ಲಿ ನಮಗೆ ಒದಗಿಬರುವ ಹಳೆಯ ಪದ್ಧತಿಯೊಂದಿದೆ. 1812ರ ರಾಜಾಜ್ಞೆಯ ಕಾಲದಿಂದ ಬಯಲಿನ ಪಾನಗೃಹವಾದ ಬಿಯರ್ ಗಾರ್ಡನ್‌ಗೆ ಜನ ಮನೆಯ ಊಟ ತಂದು ತಿನ್ನುತ್ತಾರೆ. ಮೇಜುವಸ್ತ್ರ ಹಾಸದ, ನಾವೇ ಎತ್ತಿಕೊಂಡು ಬರುವ ಸ್ವಸಹಾಯದ ಮೇಜುಗಳಲ್ಲಿ ಕೂತು, ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್‌ಫೆಲ್‌ಷೋರ್ಲೆ ಕೊಂಡುಕೊಂಡು, ಪುಳಿಯೋಗರೆ ಡಬ್ಬಿ ಬಿಚ್ಚಬಹುದು. ಪಾನೀಯ ಮಾತ್ರ ಅಲ್ಲಿಂದಲೇ ಕೊಳ್ಳಬೇಕು.

ಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿ ಕಿಟಕಿ ತೆರೆಯಿರಿ. ಮಲಗುವ ಕೋಣೆ, ಓಡಾಡುವ ಹಾದಿಯಲ್ಲಿ ಹೊಗೆ ಸೂಚಕ ಕಡ್ಡಾಯ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹಾಲು-ತರಕಾರಿ ಶನಿವಾರವೇ ತರಬೇಕು. ಮಕ್ಕಳು ಆಫೀಸಿಗೆ ಹೋದ ಹೊತ್ತಿನಲ್ಲಿ ತುರ್ತಾದರೆ 112; ರಾತ್ರಿ ಜ್ವರ, ಹೊಟ್ಟೆನೋವಿನಂಥದಕ್ಕೆ ವೈದ್ಯರ ಸೇವೆ 116117. ಈ ಎರಡು ಸಂಖ್ಯೆ, ಮನೆಯ ವಿಳಾಸ, ತೆಗೆದುಕೊಳ್ಳುತ್ತಿರುವ ಔಷಧಗಳ ಹೆಸರು ಒಂದು ಚೀಟಿಯಲ್ಲಿ ಸದಾ ಜೇಬಿನಲ್ಲಿರಲಿ. ವಿಮೆ ಕೊಳ್ಳುವಾಗ ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಯಿಂದ ತುರ್ತು ಬಂದರೆ ಎಷ್ಟು ಕೊಡುತ್ತಾರೆ ಎಂಬ ಸಾಲನ್ನು ಓದಿ ಕೊಳ್ಳಿ. ವೀಸಾಕ್ಕೆ ಸಾಲುವ ಅಗ್ಗದ ಪಾಲಿಸಿಗಳಲ್ಲಿ ಅದು ಬಹುತೇಕ ಇರುವುದಿಲ್ಲ.

ವಾಪಸ್ ಬಂದ ಮೇಲೆ ಬೋರ್ಡಿಂಗ್ ಪಾಸ್, ವೀಸಾ ಪುಟದ ನಕಲು ಎತ್ತಿಡಿ. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಅನ್ವಯಿಸುವ ನಿಯಮದಂತೆ, ಮೂರು ವರ್ಷಗಳೊಳಗೆ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ಬಹುಪ್ರವೇಶ ವೀಸಾ ಸಿಗಬಹುದು, ಆಮೇಲೆ ಸಾಮಾನ್ಯವಾಗಿ ಐದು ವರ್ಷದ್ದು. ಪಾಸ್‌ಪೋರ್ಟ್‌ನ ಅವಧಿ ಅಷ್ಟು ಉಳಿದಿರಬೇಕು. ಎರಡನೇ ಅರ್ಜಿಯ ಹೊತ್ತಿಗೇ ಅದನ್ನು ನೋಡಿಕೊಂಡು ನವೀಕರಿಸಿ.