ಮಳೆ ಬಾರದ ನಾರ್ವೆ: ಲೊಮ್ ಕಣಿವೆಯ ನೀರು, ಮರ, ಹಿಮ

ನಾರ್ವೆ ಎಂದೊಡನೆ ನಮ್ಮೂರಿನವರ ಕಣ್ಣಿಗೆ ಕಟ್ಟುವುದು ಫ್ಯೋರ್ಡ್‌ಗಳು (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕವಲುಗಳು), ಮಂಜು, ಬಿಡದೆ ಹಿಡಿದ ಮಳೆ. ಪಶ್ಚಿಮ ತೀರದ ಬರ್ಗನ್ ನಗರದ ಮಟ್ಟಿಗೆ ಅದು ನಿಜವೇ. ಅಲ್ಲಿ ವರ್ಷಕ್ಕೆ 2,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಆದರೆ ಒಳನಾಡಿನ ಲೊಮ್ ಕಣಿವೆಯಲ್ಲಿ ಬೀಳುವುದು ಹೆಚ್ಚುಕಡಿಮೆ 300 ಮಿ.ಮೀ., ನಮ್ಮ ಚಿತ್ರದುರ್ಗಕ್ಕಿಂತಲೂ ಕಡಿಮೆ. ಕಾರಣವೂ ಚಿತ್ರದುರ್ಗದ್ದೇ. ಅರಬ್ಬೀ ಸಮುದ್ರದ ಮೋಡಗಳು ಆಗುಂಬೆಯಲ್ಲಿ ಸುರಿದು ಬರಿದಾಗುವಂತೆ, ಅಟ್ಲಾಂಟಿಕ್‌ನಿಂದ ಬರುವ ತೇವದ ಗಾಳಿ ಪಶ್ಚಿಮದ ಬೆಟ್ಟಗಳಿಗೂ ಯೋಟುನ್‌ಹೈಮೆನ್ ಪರ್ವತಗಳಿಗೂ ಬಡಿದು, ಹೊತ್ತಿದ್ದನ್ನೆಲ್ಲ ಅಲ್ಲೇ ಇಳಿಸಿಬಿಡುತ್ತದೆ. ಲೊಮ್ ಇರುವುದು ಆ ಗೋಡೆಯ ಹಿಂದಿನ ಮಳೆನೆರಳಿನಲ್ಲಿ. ಈ ಊರಿನ ಹೊಲ, ಕಟ್ಟಡ, ಹಳೆಯ ವಸ್ತುಗಳು ಯಾವುದನ್ನು ಅರಿಯಬೇಕಾದರೂ ಈ ಒಣಹವೆಯಿಂದಲೇ ಶುರುಮಾಡಬೇಕು.

ಲೊಮ್ ಒಂದು ಕೊಮ್ಯೂನ್, ಎಂದರೆ ಶಾಲೆ, ವೃದ್ಧರ ಆರೈಕೆ, ಕುಡಿಯುವ ನೀರು ಇವನ್ನೆಲ್ಲ ತಾನೇ ನೋಡಿಕೊಳ್ಳುವ ಚುನಾಯಿತ ಸ್ಥಳೀಯ ಆಡಳಿತ. ವಿಸ್ತೀರ್ಣ ಸುಮಾರು 1,970 ಚದರ ಕಿ.ಮೀ., ಜನಸಂಖ್ಯೆ ಎರಡು ಸಾವಿರ ದಾಟಿ ಸ್ವಲ್ಪ. ನೆಲದ ಬಹುಪಾಲು ಬಂಡೆ ಮತ್ತು ಹಿಮ. ಉತ್ತರ ಯುರೋಪಿನ ಅತಿ ಎತ್ತರದ ಶಿಖರ ಗಾಲ್‌ಹೋಪಿಗೆನ್ (2,469 ಮೀ.) ಇದೇ ಎಲ್ಲೆಯೊಳಗಿದೆ. ಜನ ಇರುವುದು ಕಣಿವೆಯ ತಳದ ಕಿರಿದಾದ ಪಟ್ಟಿಯಲ್ಲಿ. ಕೇಂದ್ರ ಊರು ಫೊಸ್‌ಬೆರ್ಗೊಮ್; ಅದರ ನಡುವೆಯೇ ಬ್ಯೋವ್ರಾ ನದಿ ಬಂಡೆಗಳ ಮೇಲೆ ಧುಮುಕುತ್ತದೆ. ಸರ್ಕಾರಿ ಬರಹದಲ್ಲಿ ಬಳಸುವುದು ನ್ಯೂನೊರ್ಸ್ಕ್, ಹಳ್ಳಿಗಳ ಆಡುನುಡಿಗಳನ್ನು ಆಧರಿಸಿ ಕಟ್ಟಿದ ಲಿಖಿತ ನಾರ್ವೇಜಿಯನ್.

ಮಳೆ ಇಲ್ಲದ ಕಡೆ ಹುಲ್ಲು, ಬಾರ್ಲಿ, ಆಲೂಗಡ್ಡೆ ಬೆಳೆಯುವುದು ಹೇಗೆ? ನೀರು ಮೇಲಿದೆ, ಹಿಮದ ರೂಪದಲ್ಲಿ. ಬಿಸಿಲು ಹೆಚ್ಚಿದಷ್ಟೂ ಹಿಮನದಿ ಕರಗುತ್ತದೆ, ತೊರೆ ತುಂಬುತ್ತದೆ. ಹೊಲಕ್ಕೆ ಬಾಯಾರುವ ಜುಲೈ ತಿಂಗಳಲ್ಲೇ ಮೇಲಿನ ತೊರೆಗಳಲ್ಲೂ ನೀರಿರುತ್ತದೆ. ಆ ನೀರನ್ನು ಹೊಲಕ್ಕೆ ತರಲು ರೈತರು ಶತಮಾನಗಳ ಹಿಂದೆಯೇ ಬೆಟ್ಟದ ಮಗ್ಗುಲಲ್ಲಿ ಕಾಲುವೆ ತೋಡಿದರು. ತೊರೆಗೆ ಎತ್ತರದಲ್ಲಿ ಸಣ್ಣ ಒಡ್ಡು ಹಾಕಿ, ಅಲ್ಲಿಂದ ಇಳಿಜಾರಿಗೆ ಅಡ್ಡಲಾಗಿ, ತುಸುವೇ ತಗ್ಗುತ್ತ ಹೋಗುವಂತೆ ಅಗೆಯಬೇಕು. ಕೆಲಸದ ಕಷ್ಟವೆಲ್ಲ ಇರುವುದು ಈ ತಗ್ಗನ್ನು ಹಿಡಿಯುವುದರಲ್ಲಿ. ಇಳಿಜಾರು ಹೆಚ್ಚಾದರೆ ನೀರು ತಳವನ್ನು ಕೊರೆದು ಬದು ಒಡೆಯುತ್ತದೆ. ಕಡಿಮೆಯಾದರೆ ಹಿಮನದಿ ಅರೆದು ತಂದ ಬೂದುಬಣ್ಣದ ನುಣ್ಣನೆಯ ಹೂಳು ಕೂತು ಕಾಲುವೆ ಮುಚ್ಚಿಹೋಗುತ್ತದೆ. ಕಡಿದಾದ ಬಂಡೆ ಎದುರಾದಲ್ಲಿ ಮರದ ದಿಮ್ಮಿ ಕೊರೆದು ಮಾಡಿದ ದೋಣಿಯಾಕಾರದ ನಾಲೆಗಳನ್ನು ಒಂದರ ತುದಿಗೊಂದು ಜೋಡಿಸಿ ನೀರು ದಾಟಿಸುತ್ತಿದ್ದರು.

ಹೊಲದ ತಲೆಗೆ ಬಂದ ನೀರು ಸಣ್ಣ ಕಾಲುವೆಗಳಿಗೆ ಕವಲೊಡೆಯುತ್ತಿತ್ತು. ಅಲ್ಲಲ್ಲಿ ಅದನ್ನು ತಡೆದು ನಿಲ್ಲಿಸಿ, ಉದ್ದ ಹಿಡಿಯ ಮರದ ಸಲಿಕೆಯಿಂದ ಎರಡೂ ಬದಿಗೆ ಬೀಸಿ ಎರಚುವುದು ಇಲ್ಲಿನ ಪದ್ಧತಿ. ನೀರನ್ನು ಸುಮ್ಮನೆ ಹರಿಯಬಿಟ್ಟರೆ ಇಳಿಜಾರು ಹೊಲದ ತೆಳುಮಣ್ಣು ಕೊಚ್ಚಿ ಕೆಳಗೆ ಹೋಗುತ್ತದೆ. ಎರಚಿದರೆ ಮಳೆಹನಿಯಂತೆ ಹರಡಿ ಇಂಗುತ್ತದೆ. ರಟ್ಟೆ ಸೋಲುವ ಕೆಲಸ, ಒಣ ಬೇಸಿಗೆಯಲ್ಲಿ ಮತ್ತೆ ಮತ್ತೆ ಮಾಡಬೇಕಾದದ್ದು. ಒಂದೇ ಕಾಲುವೆಗೆ ಹಲವು ಮನೆಗಳಿದ್ದಾಗ ಸರದಿ ಇರುತ್ತಿತ್ತು, ಪ್ರತಿ ವಸಂತದಲ್ಲಿ ಹೂಳೆತ್ತಿ ತೂತು ಮುಚ್ಚುವ ಕೆಲಸವೂ ಪಾಲಿಗೆ ಬರುತ್ತಿತ್ತು. ಈಗ ಪೈಪು ಮತ್ತು ತುಂತುರು ಯಂತ್ರಗಳು ಬಂದಿವೆ. ಬೇಸಿಗೆಯಲ್ಲಿ ಕಣಿವೆಗೆ ಹೋದರೆ ಅವು ತಿರುಗುವಷ್ಟು ದೂರ ಹಸಿರು, ಅದರಾಚೆ ಕಂದು ಹುಲ್ಲು, ಗೆರೆ ಎಳೆದಂತೆ ಕಾಣುತ್ತದೆ. ಸಲಿಕೆ ಮಾತ್ರ ಮರೆಯಾಗಿಲ್ಲ: 1987ರಲ್ಲಿ ಮಂಜೂರಾದ ಕೊಮ್ಯೂನಿನ ಲಾಂಛನದಲ್ಲಿ ನೀರೆರಚುವ ಮೂರು ಸಲಿಕೆಗಳಿವೆ. ರಾಜರ ಕತ್ತಿಯನ್ನೋ ಸಿಂಹವನ್ನೋ ಆರಿಸದೆ ದುಡಿಮೆಯ ಸಲಕರಣೆಯನ್ನು ಆರಿಸಿದ್ದು ನನಗೆ ಈ ಊರಿನ ಬಗ್ಗೆ ಬಹಳ ಗೌರವ ಮೂಡಿಸುತ್ತದೆ.

ಊರಿನ ನಡುವಿನ ಮರದ ಚರ್ಚ್ 12ನೇ ಶತಮಾನದ್ದು. ನಾರ್ವೆಯಲ್ಲಿ ಉಳಿದಿರುವ ಇಂಥ 28 ಸ್ಟಾವ್ ಚರ್ಚ್‌ಗಳಲ್ಲಿ (ಕಂಬಗಳ ಮೇಲೆ ನಿಲ್ಲಿಸಿದ ಮಧ್ಯಯುಗದ ಮರದ ಚರ್ಚ್‌ಗಳಲ್ಲಿ) ಇದೂ ಒಂದು, ದೊಡ್ಡವುಗಳ ಸಾಲಿಗೆ ಸೇರಿದ್ದು, ಈಗಲೂ ಪೂಜೆ ನಡೆಯುವಂಥದ್ದು. ಇದಕ್ಕೂ ಹಿಂದಿನ ಮರದ ಚರ್ಚ್‌ಗಳಲ್ಲಿ ಕಂಬಗಳನ್ನು ಮಣ್ಣಿಗೇ ಹೂಳುತ್ತಿದ್ದರು. ಬುಡ ಕೊಳೆತು ಕಟ್ಟಡ ಬೀಳುತ್ತಿತ್ತು. ಆಮೇಲಿನ ಬಡಗಿಗಳು ಕಲ್ಲಿನ ಅಡಿಪಾಯದ ಮೇಲೆ ಅಡ್ಡತೊಲೆ ಕೂರಿಸಿ, ಅದರ ಮೇಲೆ ಕಂಬ ನಿಲ್ಲಿಸಿದರು. ಮರಕ್ಕೂ ಮಣ್ಣಿಗೂ ಇದ್ದ ಸಂಪರ್ಕ ತಪ್ಪಿದ್ದೇ ಎಂಟು ಶತಮಾನಗಳ ಬಾಳಿಕೆಗೆ ಮೊದಲ ಕಾರಣ. ಎರಡನೆಯದು ಪೈನ್ ಮರದ ಟಾರು. ಅಂಟು ತುಂಬಿದ ಪೈನ್ ಬೊಡ್ಡೆ ಮತ್ತು ಬೇರುಗಳನ್ನು ಸೀಳಿ, ಆಲಿಕೆಯಾಕಾರದ ಗುಂಡಿಯಲ್ಲಿ ಒಟ್ಟಿ, ಮೇಲೆ ಹುಲ್ಲುಹೆಪ್ಪು ಮುಚ್ಚಿ, ಗಾಳಿಯಾಡದಂತೆ ದಿನಗಟ್ಟಲೆ ನಿಧಾನವಾಗಿ ಸುಡುತ್ತಾರೆ. ಕಪ್ಪು ದ್ರವ ತಳದ ಕೊಳವೆಯಿಂದ ಇಳಿಯುತ್ತದೆ. ಅದನ್ನು ಬೆಚ್ಚಗೆ ಮಾಡಿ, ಮರ ಒಣಗಿರುವ ಬಿಸಿಲ ದಿನಗಳಲ್ಲಿ ಬಳಿಯಬೇಕು. ಬಿಸಿಲು ನೇರ ಬೀಳುವ ದಕ್ಷಿಣದ ಗೋಡೆ ಬೇಗ ಸವೆಯುತ್ತದೆ, ಆದ್ದರಿಂದ ಅದಕ್ಕೆ ಪದೇ ಪದೇ ಬಳಿಯಬೇಕಾಗುತ್ತದೆ. ಚರ್ಚ್‌ಗೆ ಶಿಲುಬೆಯ ಆಕಾರ ಬಂದದ್ದು 17ನೇ ಶತಮಾನದಲ್ಲಿ ರೆಕ್ಕೆಗಳನ್ನು ಸೇರಿಸಿದಾಗ. ಒಳಗೆ ಹೋದವರು ನಡುವಿನ ಎತ್ತರದ ಕಂಬಗಳನ್ನು ನೋಡಬೇಕು, ಹಳೆಯ ಭಾಗ ಅದೇ.

ಚರ್ಚ್‌ನ ನೆಲದಡಿ ಅಗೆದಾಗ ಹಲಗೆಗಳ ಸಂದಿಯಲ್ಲಿ ಬಿದ್ದುಹೋಗಿದ್ದ ಮಧ್ಯಯುಗದ ನಾಣ್ಯಗಳು, ಜೊತೆಗೆ ಉತ್ತರ ಯುರೋಪಿನ ಹಳೆಯ ರೂನ್ ಲಿಪಿ ಕೆತ್ತಿದ ಮರದ ಕಡ್ಡಿಗಳು ಸಿಕ್ಕವು. ಅದರಲ್ಲೊಂದು ಮದುವೆಯ ಪ್ರಸ್ತಾಪ. ಹೋವರ್ಡ್ ಎಂಬವನು ಗುನ್‌ವೋರ್ ಎಂಬವಳಿಗೆ ದೇವರ ಹೆಸರಲ್ಲಿ ವಂದಿಸಿ, ಕೊಲ್‌ಬೈನ್ ಜೊತೆ ಇರಲು ನಿನಗೆ ಮನಸ್ಸಿಲ್ಲದಿದ್ದರೆ ನನ್ನನ್ನು ಮದುವೆಯಾಗುವೆಯಾ, ಯೋಚಿಸಿ ತಿಳಿಸು ಎಂದು ಕೇಳಿದ್ದಾನೆ. ರಾಜರ ಶಾಸನಗಳಿಗಿಂತ ಇಂಥ ಒಂದು ಕಡ್ಡಿ ಆ ಕಾಲದ ಜನರನ್ನು ಹತ್ತಿರ ತರುತ್ತದೆ.

ಇನ್ನು ಹಿಮ. ಲೊಮ್‌ನ ಹೆಸರು ಇತ್ತೀಚೆಗೆ ಜಗತ್ತಿಗೆಲ್ಲ ಕೇಳಿಸಿದ್ದು ಲೆಂಡ್‌ಬ್ರೆಯೆನ್ ಎಂಬ ಹಿಮಹಾಸಿನಿಂದ. ಹರಿಯುವ ಹಿಮನದಿ ತನ್ನೊಳಗೆ ಬಿದ್ದದ್ದನ್ನು ಅರೆದು ಹಾಕುತ್ತದೆ. ಅಲುಗಾಡದೆ ಕೂತ ಹಿಮಹಾಸು ಹಾಗಲ್ಲ. ಉಣ್ಣೆ, ಚರ್ಮ, ಮರ ಎಲ್ಲವೂ ಅದರಲ್ಲಿ ಹಾಗೇ ಉಳಿಯುತ್ತವೆ. 2011ರಲ್ಲಿ ಇಲ್ಲಿ ಸಿಕ್ಕ ಉಣ್ಣೆಯ ಅಂಗಿ ಕ್ರಿ.ಶ. 230 ಮತ್ತು 390ರ ನಡುವಿನದು, ತೇಪೆ ಹಾಕಿ ಉಟ್ಟದ್ದು. ಮುಂದೆ ಕುದುರೆ ಲಾಳ, ಜಾರುಬಂಡಿಯ ತುಂಡು, ಊರುಗೋಲು, ದಾರಿ ತೋರುವ ಕಲ್ಲುಗುಪ್ಪೆಗಳು ಕಂಡು, ಇದು ಸುಮಾರು 300ರಿಂದ 1500ರವರೆಗೆ ಜನ ಬೆಟ್ಟ ದಾಟಲು ಓಡಾಡಿದ ಕಣಿವೆದಾರಿ ಎಂಬುದು ಖಚಿತವಾಯಿತು. ಓಡಾಟ ಉತ್ತುಂಗದಲ್ಲಿದ್ದದ್ದು 1000ನೇ ಇಸವಿಯ ಸುಮಾರಿಗೆ. ದಾಟುತ್ತಿದ್ದದ್ದು ಹೆಚ್ಚಾಗಿ ಚೂಪುಕಲ್ಲುಗಳನ್ನು ಹಿಮ ಮುಚ್ಚಿರುವ ಕಾಲದಲ್ಲಿ, ಆಗ ಕುದುರೆಯ ಕಾಲಿಗೆ ಪೆಟ್ಟಾಗುವುದಿಲ್ಲ.

ಸಿಕ್ಕ ವಸ್ತುಗಳಲ್ಲಿ ಜುನಿಪರ್ ಮರದ ಒಂದು ಸಣ್ಣ ಕಡ್ಡಿ ಏನೆಂದು ತಜ್ಞರಿಗೆ ಹೊಳೆದಿರಲಿಲ್ಲ. ವಸ್ತುಸಂಗ್ರಹಾಲಯಕ್ಕೆ ಬಂದ ಸ್ಥಳೀಯ ಅಜ್ಜಿಯೊಬ್ಬರು ನೋಡಿದೊಡನೆ ಗುರುತಿಸಿದರು: ಆಡು ಕುರಿಗಳ ಮರಿ ತಾಯಿಯ ಹಾಲು ಕುಡಿದು ಮುಗಿಸದಂತೆ ಅದರ ಬಾಯಿಗೆ ಅಡ್ಡ ಕಟ್ಟುವ ಕಡ್ಡಿ ಅದು. 1930ರ ದಶಕದಲ್ಲೂ ಅವರ ಕಡೆ ಅದನ್ನೇ ಬಳಸುತ್ತಿದ್ದರು. ಹಿಮದಲ್ಲಿ ಸಿಕ್ಕದ್ದರ ವಯಸ್ಸು ಅಳೆದರೆ 11ನೇ ಶತಮಾನ.

ಹೋಗುವವರಿಗೆ: ಓಸ್ಲೋದಿಂದ ರೈಲಿನಲ್ಲಿ ಒಟ್ಟಾ ನಿಲ್ದಾಣ, ಅಲ್ಲಿಂದ ಬಸ್ಸಿನಲ್ಲಿ ಸುಮಾರು 60 ಕಿ.ಮೀ. ಪಶ್ಚಿಮಕ್ಕೆ ಹೋಗುವ ಸೋಗ್ನೆಫ್ಯೆಲ್ ರಸ್ತೆ 1,434 ಮೀ. ಎತ್ತರದವರೆಗೆ ಏರುತ್ತದೆ, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಗಾಲ್‌ಹೋಪಿಗೆನ್ ಹತ್ತಲು ಮುಖ್ಯವಾಗಿ ಎರಡು ದಾರಿ. 1,841 ಮೀ. ಎತ್ತರದ ಯೂವಾಸ್‌ಹಿಟ್ಟಾ ಎಂಬ ಬೆಟ್ಟದ ವಸತಿಗೃಹದವರೆಗೆ ವಾಹನದಲ್ಲೇ ಹೋಗಬಹುದು. ಅಲ್ಲಿಂದ ಏರು ಕಡಿಮೆ, ಆದರೆ ದಾಟಬೇಕಾದ ಹಿಮನದಿಯಲ್ಲಿ ಮೇಲೆ ಹಿಮ ಮುಚ್ಚಿದ ಬಿರುಕುಗಳಿವೆ. ಮಾರ್ಗದರ್ಶಿಯ ಹಗ್ಗಕ್ಕೆ ಕಟ್ಟಿಕೊಳ್ಳದೆ ಕಾಲಿಡಬಾರದು. ಕೆಳಗಿನ ಕಣಿವೆಯಲ್ಲಿರುವ ಸ್ಪೀಟರ್‌ಸ್ಟೂಲೆನ್ ವಸತಿಗೃಹದ ಕಡೆಯಿಂದ ಬಿರುಕಿನ ಭಯವಿಲ್ಲ, ಬದಲಿಗೆ 1,350 ಮೀ.ಗೂ ಮೀರಿದ ಏರು. ಮಂಡಿ ಗಟ್ಟಿಯಿದ್ದವರಿಗೆ ಎರಡನೆಯದೇ ಒಳ್ಳೆಯದು. ಜುಲೈನಲ್ಲೂ ಮೇಲೆ ಹಿಮ ಬೀಳಬಹುದು, ಕೈಗವಸು ಇರಲಿ. ಡೇರೆ ಹಾಕುವವರು ಮನೆಗಳಿಂದ 150 ಮೀ. ದೂರವಿರಬೇಕು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ ಮತ್ತು ಕಾಡಿನ ಹತ್ತಿರ ಬೆಂಕಿ ಹಚ್ಚುವಂತಿಲ್ಲ. ಇಷ್ಟು ಒಣಗಿದ ಕಣಿವೆಯಲ್ಲಿ ಆ ನಿಯಮವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಆಗಸ್ಟ್ ನಡುವಿನಿಂದ ಹೊಸ ಹಿಮ ಬೀಳುವವರೆಗೆ ಹಿಮಹಾಸುಗಳ ಅಂಚು ಅತಿ ಹೆಚ್ಚು ಕರಗಿರುತ್ತದೆ. ಆ ಸಮಯದಲ್ಲಿ ಕಲ್ಲುಗಳ ನಡುವೆ ಕೆತ್ತಿದ ಮರವೋ ಬಾಣದ ತುಂಡೋ ಕಂಡರೆ ಎತ್ತಿಕೊಳ್ಳಬೇಡಿ. 1537ಕ್ಕಿಂತ ಹಳೆಯ ವಸ್ತುಗಳು ಕಾನೂನಿನ ಪ್ರಕಾರ ಸರ್ಕಾರದ ಸ್ವತ್ತು. ಅದಕ್ಕಿಂತ ಮುಖ್ಯವಾಗಿ, ಅದು ಬಿದ್ದಿರುವ ಜಾಗವೇ ಅರ್ಧ ಮಾಹಿತಿ. ಇದ್ದಲ್ಲೇ ಅಳತೆಗೆ ಪಕ್ಕದಲ್ಲೇನಾದರೂ ಇಟ್ಟು ಫೋಟೋ ತೆಗೆಯಿರಿ, ಸುತ್ತಲಿನ ನೋಟದ್ದೂ ಒಂದು ಇರಲಿ, ಫೋನಿನಲ್ಲಿ ಜಿಪಿಎಸ್ ಸ್ಥಾನ ಗುರುತಿಸಿಕೊಂಡು ಜಿಲ್ಲಾಡಳಿತದ ಪುರಾತತ್ವ ವಿಭಾಗಕ್ಕೆ ತಿಳಿಸಿ. ಹಿಮದಿಂದ ಹೊರಬಂದ ಉಣ್ಣೆ, ಚರ್ಮ ಬಿಸಿಲು ಗಾಳಿಗೆ ಬೇಗ ಕೆಡುತ್ತವೆ, ಆದ್ದರಿಂದ ಅದೇ ದಿನ ತಿಳಿಸುವುದು ಒಳ್ಳೆಯದು.