ಡಾ. ಕೋಟ್ನೀಸ್ ಅಂಚೆಚೀಟಿ ಫ್ರೇಮ್: ಇಲ್ಲಿವರೆಗೆ ಆದ ಕೆಲಸ

ಚೀನಾದಲ್ಲಿ ಗಾಯಾಳುಗಳ ಸೇವೆ ಮಾಡಿದ ಭಾರತೀಯ ವೈದ್ಯ ಡಾ. ಕೋಟ್ನೀಸ್ ಬದುಕನ್ನು ಅಂಚೆಚೀಟಿಗಳಲ್ಲಿ ಹೇಳುವ ನನ್ನ 16 ಹಾಳೆಗಳ ಪ್ರದರ್ಶನ ಫ್ರೇಮ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದು ರೂಪಕ್ಕೆ ಬಂದಿದೆ. ಮಂಗಳೂರಿನ ಮಳೆಗಾಲ ಅಂಚೆಚೀಟಿಗೆ ದೊಡ್ಡ ಶತ್ರು. ತೇವಕ್ಕೆ ಹಿಂಬದಿಯ ಗೋಂದು ಇಳಿದು ಚೀಟಿ ಹಾಳೆಗೆ ಕಚ್ಚಿಕೊಳ್ಳುತ್ತದೆ, ಅಂಚಿನ ಹಲ್ಲುಗಳಲ್ಲಿ ಕಂದು ಕಲೆ ಏಳುತ್ತದೆ. ಹಾಗಾಗಿ ಕೋಟ್ನೀಸ್ ಮೇಲೆ ಚೀನಾ 1982ರಲ್ಲಿ ತಂದ ಜೋಡಿ ಚೀಟಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲೇ ಇದೆ. ಸದ್ಯಕ್ಕೆ ಬರಹದ ಕೆಲಸ ಮಾತ್ರ.

ಆ ಜೋಡಿಯಲ್ಲಿ ಒಂದು ಮುಖಚಿತ್ರ. ಇನ್ನೊಂದರಲ್ಲಿ ಕೋಟ್ನೀಸ್ ಕುದುರೆ ಮೇಲಿದ್ದಾರೆ. ನನಗೆ ಕುದುರೆಯದೇ ಇಷ್ಟ. ಗಾಯಾಳು ಎಲ್ಲಿದ್ದಾನೋ ಅಲ್ಲಿಗೇ ಹೋಗುತ್ತಿದ್ದ ಡಾಕ್ಟರು ಅಲ್ವಾ ಅವರು!

ಮೊದಲ ಹಾಳೆಗಳು ಸಲೀಸಾಗಿ ಮುಗಿದವು. ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟು. 1938ರಲ್ಲಿ ಜಪಾನ್ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಒಬ್ಬರು. ಆಗ ಕಾಂಗ್ರೆಸ್ ಅಧ್ಯಕ್ಷರು ಸುಭಾಷ್ ಚಂದ್ರ ಬೋಸ್. ಮುಂದಿನ ವರ್ಷ ಚೀನೀ ಕಮ್ಯುನಿಸ್ಟರ ನೆಲೆ ಯೆನಾನ್, ಅವರ ಎಂಟನೇ ರೂಟ್ ಸೇನೆ.

ನಾನು ಜಾಸ್ತಿ ಹೊತ್ತು ಕೂತದ್ದು 1940ರ ಹಾಳೆಯ ಮೇಲೆ. ಒಂದು ದೊಡ್ಡ ಕಾಳಗದಲ್ಲಿ ಅವರು 72 ಗಂಟೆ ನಿದ್ದೆಯಿಲ್ಲದೆ ಆಪರೇಷನ್ ಮಾಡಿದರು. ಆ ಕಾಳಗದಲ್ಲಿ ಅವರ ಕೈಗೆ ಬಂದ ಗಾಯಾಳುಗಳು ಎಂಟುನೂರಕ್ಕೂ ಜಾಸ್ತಿ. ಇದನ್ನು ತೋರಿಸಲು ನನ್ನ ಬಳಿ ಒಂದು ಚೀಟಿಯೂ ಇಲ್ಲ. ಆದರೂ ಇಡೀ ಹಾಳೆ ಇದಕ್ಕೇ ಬಿಟ್ಟಿದ್ದೇನೆ. ನಡುವೆ ಒಂದು ನಕ್ಷೆ, ಕೆಳಗೆ ನಾಲ್ಕು ಸಾಲು. ಹಾಳೆಯಲ್ಲಿ ಚೀಟಿ ಇಲ್ಲದಿದ್ದರೆ ಅಂಕ ಕಡಿಮೆಯಾಗುತ್ತದೆ ಅಂತ ಹಿರಿಯ ಸಂಗ್ರಾಹಕರೊಬ್ಬರು ಎಚ್ಚರಿಸಿದರು. ಆಗಲಿ ಬಿಡಿ.

ಸಾವಿಗೆ ಅರ್ಧ ಹಾಳೆ ಸಾಕು. 1941ರಲ್ಲಿ, ಕೆನಡಾದ ವೈದ್ಯ ಬೆಥೂನ್ ಹೆಸರಿನ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಅಲ್ಲಿನ ನರ್ಸಿಂಗ್ ಶಿಕ್ಷಕಿ ಗುವೋ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಆಗಸ್ಟ್‌ನಲ್ಲಿ ಮಗ ಹುಟ್ಟಿದ. ಡಿಸೆಂಬರ್ 9ಕ್ಕೆ ಅಪಸ್ಮಾರ ಬಂದು ತೀರಿಕೊಂಡರು. ವಯಸ್ಸು 32.

ನಿದ್ದೆಗೆಟ್ಟರೆ ಫಿಟ್ಸ್ ಬರುವುದು ಜಾಸ್ತಿಯಾಗಬಹುದು ಅಂತ ಮಣಿಪಾಲದಲ್ಲಿ ಓದುತ್ತಿರುವ ತಂಗಿ ಹೇಳಿದಳು. ಆ 72 ಗಂಟೆಯನ್ನೂ ಈ ಸಾವನ್ನೂ ಸುಮ್ನೆ ಗಂಟು ಹಾಕಲು ನನಗೆ ಮನಸ್ಸಿಲ್ಲ. ಎರಡೂ ಬೇರೆ ಹಾಳೆಯಲ್ಲೇ ಇರಲಿ.

ಇನ್ನು ಬೇಕಾಗಿರುವುದು ಕೋಟ್ನೀಸ್ ಮೇಲೆ ಭಾರತ ತಂದ 1993ರ ಚೀಟಿ, ಮೊದಲ ದಿನದ ಲಕೋಟೆಯ (ಚೀಟಿ ಬಿಡುಗಡೆಯಾದ ದಿನದ ಅಂಚೆ ಮುದ್ರೆ ಇರುವ ಲಕೋಟೆ) ಜೊತೆ. ಮುದ್ರೆ ಅವರ ಮುಖದ ಮೇಲೆ ಬಿದ್ದಿರಬಾರದು. ನಿಮ್ಮಲ್ಲಿ ಎರಡಿದ್ದರೆ ಹೇಳಿ, ಬದಲಿಗೆ ಕೊಡಲು ನನ್ನ ಹತ್ತಿರ ಬೇರೆ ಲಕೋಟೆಗಳಿವೆ.